ಸೇತುವೆಯ ಮೇಲಿನ ಮಳೆ: ಜಪಾನಿನ ಮರದಚ್ಚಿನ ಚಿತ್ರಗಳನ್ನು ನೋಡುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಟೋಕಿಯೋದಲ್ಲಿ ಕೆಲಸದಲ್ಲಿದ್ದಾಳೆ. ಈ ಸಲ ಊರಿಗೆ ಬಂದಾಗ ಒಂದು ಜಪಾನಿ ಚಿತ್ರ ತಂದುಕೊಟ್ಟಳು. ಮರದ ಸೇತುವೆ ಮೇಲೆ ಜೋರು ಮಳೆ, ಕೊಡೆ ಹಿಡಿದು ಓಡುವ ಜನ. ಹಿರೋಶಿಗೆ ಅನ್ನುವವರದ್ದಂತೆ. ಚೆನ್ನಾಗಿದೆ, ಆದರೆ ಅದರಲ್ಲಿ ಏನು ನೋಡಬೇಕು ಅಂತ ಗೊತ್ತಾಗುತ್ತಿಲ್ಲ. ನೆರಳಿಲ್ಲ, ಉಬ್ಬುತಗ್ಗಿಲ್ಲ. ಇಂಥ ಬೇರೆ ಚಿತ್ರಗಳನ್ನೂ ಇಂಟರ್‌ನೆಟ್‌ನಲ್ಲಿ ನೋಡಿದೆ. ಹೆಂಗಸರ ಮುಖವೆಲ್ಲ ಒಂದೇ ಥರ ಕಾಣುತ್ತದೆ. ಇವನ್ನು ಸವಿಯುವುದು ಹೇಗೆ? ಯಾವ ಕಲಾವಿದರಿಂದ ಶುರು ಮಾಡಲಿ? ನನ್ನ ಹತ್ತಿರ ಇರುವುದು ಅಸಲಿಯೋ ನಕಲೋ? ನಮ್ಮ ಮನೆ ಮಂಗಳೂರಿನಲ್ಲಿ. ಹಾಲ್‌ನಲ್ಲಿ ಕಿಟಕಿಯ ಎದುರಿನ ಗೋಡೆಗೆ ಹಾಕಬಹುದಾ?

ಉತ್ತರ: ಸೇತುವೆ, ಮಳೆ, ಹಿರೋಶಿಗೆ ಅಂದ ಕೂಡಲೇ ನನಗೆ ಹೊಳೆದದ್ದು ‘ಎಡೋದ ನೂರು ಪ್ರಸಿದ್ಧ ನೋಟಗಳು’ ಸರಣಿಯ ಒಂದು ಚಿತ್ರ. ನಿಮ್ಮದು ಅದೇ ಇರಬೇಕು. ಮೊದಲು ಬಂದದ್ದು 1857ರಲ್ಲಿ. ಎಡೋ ಅಂದರೆ ಇವತ್ತಿನ ಟೋಕಿಯೋ. ಸುಮಿದಾ ನದಿಗೆ ಕಟ್ಟಿದ ಶಿನ್-ಓಹಾಶಿ ಸೇತುವೆ, ಆಚೆ ದಡದಲ್ಲಿ ಅತಾಕೆ ಎಂಬ ಜಾಗ, ಇದ್ದಕ್ಕಿದ್ದಂತೆ ಸುರಿದ ಮಳೆ. 30 ವರ್ಷ ಕಳೆದ ಮೇಲೆ, 1887ರಲ್ಲಿ, ವ್ಯಾನ್ ಗೋ ಪ್ಯಾರಿಸಿನಲ್ಲಿ ಇದನ್ನೇ ಮುಂದಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ಬರೆದ. ನಿಮ್ಮ ಮಗಳ ಆಯ್ಕೆ ತುಂಬ ಒಳ್ಳೆಯದು. ಈ ಕಲೆಯ ಬಗ್ಗೆ ಹೇಳಬೇಕಾದ ಬಹುಪಾಲನ್ನು ಈ ಒಂದೇ ಚಿತ್ರ ಇಟ್ಟುಕೊಂಡು ಹೇಳಬಹುದು.

ಮೊದಲು ಒಂದು ಕೆಲಸ ಮಾಡಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ, ಬ್ರೂಕ್ಲಿನ್ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಬಾಸ್ಟನ್ನಿನ ಕಲಾ ಮ್ಯೂಸಿಯಂ, ಇವುಗಳ ಜಾಲತಾಣಗಳಲ್ಲಿ ಇದೇ ಚಿತ್ರ ಹುಡುಕಿ. ಎರಡು ಮೂರು ಪ್ರತಿಗಳನ್ನು ಕಂಪ್ಯೂಟರ್ ಪರದೆ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಮೊಬೈಲ್ ಬೇಡ, ತೀರಾ ಚಿಕ್ಕದಾಗುತ್ತದೆ. ಮೇಲ್ಗಡೆಯ ಕಪ್ಪು ಮೋಡವನ್ನೇ ನೋಡುತ್ತಾ ಹೋಗಿ. ಒಂದೊಂದು ಪ್ರತಿಯಲ್ಲಿ ಅದು ಒಂದೊಂದು ಥರ ಇಳಿದಿರುತ್ತದೆ. ಒಂದರಲ್ಲಿ ನದಿಯ ನೀಲಿ ಗಾಢ, ಇನ್ನೊಂದರಲ್ಲಿ ಮಂಕು. ಒಂದರಲ್ಲಿ ಮಳೆಯ ಗೆರೆ ಸೂಜಿಯಷ್ಟು ಚೂಪು, ಮತ್ತೊಂದರಲ್ಲಿ ಸವೆದಿದೆ. ಇವು ಯಾವೂ ನಕಲಲ್ಲ. ಎಲ್ಲವೂ ಹಿರೋಶಿಗೆಯ ಕಾಲದ ಅಚ್ಚುಗಳೇ.

ನಾನು ನಿಮಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಮರದಚ್ಚಿನಲ್ಲಿ ‘ಮೂಲ ಚಿತ್ರ’ ಅಂತ ಒಂದು ಎಲ್ಲೋ ಇಟ್ಟಿಲ್ಲ. ಕಲಾವಿದ ಕಾಗದದ ಮೇಲೆ ಬರೆದುಕೊಟ್ಟ ರೇಖಾಚಿತ್ರ ಕೆತ್ತುವಾಗಲೇ ನಾಶವಾಗಿಬಿಡುತ್ತದೆ. ಉಳಿಯುವುದು ಪ್ರತಿಗಳು ಮಾತ್ರ. ಪ್ರತಿಯೊಂದಕ್ಕೂ ಅದರದ್ದೇ ಗುಣ ಇದೆ. ಹಾಗಾಗಿ ‘ಎಂಥ ಚಿತ್ರ’ ಅಂತ ನೋಡಿದ ಮೇಲೆ ‘ಎಂಥ ಪ್ರತಿ’ ಅಂತಲೂ ನೋಡಬೇಕು. ಆ ಅಭ್ಯಾಸ ಆದರೆ ಮಿಕ್ಕಿದ್ದೆಲ್ಲ ತಾನಾಗೇ ಕಾಣತೊಡಗುತ್ತದೆ.

ಅಚ್ಚಿನ ಮೇಲೆ ಹಿರೋಶಿಗೆಯ ಹೆಸರು ದೊಡ್ಡದಾಗಿದೆ ನಿಜ. ಕೆಲಸ ಮಾಡಿದವರು ಮಾತ್ರ ಹಲವರು. ಪ್ರಕಾಶಕ ಹಣ ಹಾಕುತ್ತಿದ್ದ, ವಿಷಯ ಆರಿಸುತ್ತಿದ್ದ, ಸರ್ಕಾರದ ಪರಿಶೀಲಕರಿಂದ ಒಪ್ಪಿಗೆಯ ಮೊಹರು ಹಾಕಿಸುತ್ತಿದ್ದ. ಕಲಾವಿದ ಕಪ್ಪು ಗೆರೆಗಳ ಚಿತ್ರ ಬರೆದುಕೊಡುತ್ತಿದ್ದ. ಕೆತ್ತುವವನು ಅದನ್ನು ಹಲಗೆಗೆ ಇಳಿಸುತ್ತಿದ್ದ. ಅಚ್ಚು ಹಾಕುವವನು ಕಾಗದಕ್ಕೆ ಎತ್ತುತ್ತಿದ್ದ. ಈ ನಾಲ್ವರಲ್ಲಿ ಕೊನೆಯ ಇಬ್ಬರ ಹೆಸರು ಬಹುತೇಕ ಚಿತ್ರಗಳಲ್ಲಿ ಇಲ್ಲವೇ ಇಲ್ಲ. 19ನೇ ಶತಮಾನದ ಮಧ್ಯದ ಹೊತ್ತಿಗೆ ಕೆಲವು ಕೆತ್ತನೆಗಾರರ ಚಿಕ್ಕ ಗುರುತುಗಳು ಜಾಸ್ತಿ ಕಾಣತೊಡಗುತ್ತವೆ, ಅಷ್ಟೇ. ನನಗೆ ಇದು ಬೇಸರದ ವಿಷಯ. ಅವರ ಕೈಕೆಲಸ ಎಂಥದ್ದು ಅಂತ ಹೇಳುತ್ತೇನೆ, ನೋಡಿ.

ಕಲಾವಿದ ತೆಳು ಕಾಗದದ ಮೇಲೆ ಬರೆದದ್ದನ್ನು ಬೋರಲಾಗಿ ಚೆರ್ರಿ ಮರದ ಹಲಗೆಗೆ ಅಂಟಿಸುತ್ತಾರೆ. ಕಾಗದದ ಹಿಂದಿನ ಪದರವನ್ನು ಬೆರಳಿನಿಂದ ಉಜ್ಜಿ ತೆಗೆದರೆ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಆಮೇಲೆ ಪ್ರತಿ ಗೆರೆಯ ಎರಡೂ ಪಕ್ಕದ ಮರವನ್ನು ಕೆತ್ತಿ ತೆಗೆಯಬೇಕು. ಗೆರೆ ಏರಿಯಂತೆ ಎದ್ದು ನಿಲ್ಲಬೇಕು. ಈಗ ನಿಮ್ಮ ಚಿತ್ರದ ಮಳೆ ನೋಡಿ. ಆ ನೂರಾರು ಗೆರೆಗಳಲ್ಲಿ ಒಂದೊಂದೂ ಹೀಗೆ ಮರದಲ್ಲಿ ಉಳಿಸಿದ ಕೂದಲೆಳೆಯ ಏರಿ. ಅಷ್ಟು ಉದ್ದಕ್ಕೆ, ಅಷ್ಟು ತೆಳುವಾಗಿ, ಎಲ್ಲೂ ಮುರಿಯದಂತೆ. ಇನ್ನೂ ಒಂದು ವಿಷಯ ಇದೆ. ಮಳೆ ಒಂದೇ ದಿಕ್ಕಿನಲ್ಲಿ ಬೀಳುತ್ತಿಲ್ಲ. ಎರಡು ಬೇರೆ ಹಲಗೆಗಳಲ್ಲಿ, ಸ್ವಲ್ಪ ಬೇರೆ ಬೇರೆ ಓರೆಯಲ್ಲಿ ಕೆತ್ತಿ, ಬೇರೆ ಬೇರೆ ಛಾಯೆಯಲ್ಲಿ ಒಂದರ ಮೇಲೊಂದು ಹಾಕಿದ್ದಾರೆ. ಗೆರೆಗಳು ಅಲ್ಲಲ್ಲಿ ಒಂದನ್ನೊಂದು ದಾಟುತ್ತವೆ. ಮಳೆಯ ರಭಸ ಹುಟ್ಟಿದ್ದು ಅಲ್ಲಿ.

ಅಚ್ಚು ಹಾಕುವವನ ಕೆಲಸ ಇನ್ನೂ ಸೂಕ್ಷ್ಮ. ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ. ಅದೇ ಹಾಳೆ ಹತ್ತು, ಹದಿನೈದು ಸಲ ಬೇರೆ ಬೇರೆ ಹಲಗೆಗಳ ಮೇಲೆ ಕೂರಬೇಕು, ಒಂದು ಕೂದಲಿನಷ್ಟೂ ಆಚೀಚೆ ಆಗಬಾರದು. ಅದಕ್ಕೆ ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಒಂದು ಕಚ್ಚು, ಅಂಚಿನಲ್ಲಿ ಇನ್ನೊಂದು ಕಚ್ಚು ಇರುತ್ತದೆ. ಕೆಂತೊ ಅಂತ ಅದರ ಹೆಸರು. ಹಾಳೆಯನ್ನು ಆ ಕಚ್ಚುಗಳಿಗೆ ತಾಗಿಸಿ ಇಟ್ಟರೆ ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತದೆ. ಯಂತ್ರ ಇಲ್ಲ, ಒತ್ತುವ ಪ್ರೆಸ್ ಇಲ್ಲ. ಬಣ್ಣವನ್ನು ನೀರು ಮತ್ತು ಅಕ್ಕಿಯ ಅಂಟಿನ ಜೊತೆ ಹಲಗೆ ಮೇಲೆ ಬ್ರಷ್‌ನಿಂದ ಹರಡುತ್ತಾರೆ. ಮೇಲೆ ಹಸಿ ಮಾಡಿದ ಕಾಗದ. ಅದರ ಬೆನ್ನಿನ ಮೇಲೆ ಬಾರೆನ್ ಎಂಬ ದುಂಡನೆಯ ಉಜ್ಜುವ ಸಾಧನ. ಒಳಗೆ ಬಿದಿರಿನ ನಾರಿನ ಹುರಿಯನ್ನು ಸುರುಳಿ ಸುತ್ತಿ, ಮೇಲೆ ಬಿದಿರಿನ ಪೊರೆ ಹೊದಿಸಿದ್ದು. ಕೈಯ ಭಾರದಲ್ಲಿ ಉಜ್ಜಿದಾಗ ಬಣ್ಣ ಕಾಗದದ ಮೇಲೆ ಕೂರುವುದಿಲ್ಲ, ನಾರಿನ ಒಳಗೇ ಇಳಿಯುತ್ತದೆ. ಆ ಕಾಗದವೂ ಗಟ್ಟಿಯದೇ. ನಮ್ಮ ಹಿಪ್ಪುನೇರಳೆಯ ಬಳಗಕ್ಕೇ ಸೇರಿದ ಕೊಜೊ ಎಂಬ ಗಿಡದ ತೊಗಟೆಯ ಉದ್ದ ನಾರಿನಿಂದ ಮಾಡಿದ್ದು. ಅಷ್ಟು ಸಲ ನೆನೆದು, ಅಷ್ಟು ಸಲ ಉಜ್ಜಿಸಿಕೊಂಡರೂ ಹರಿಯುವುದಿಲ್ಲ.

ಮೇಲಿನ ಆ ಕಪ್ಪು ಮೋಡ ಇದೆಯಲ್ಲ, ಅದನ್ನು ಹಲಗೆಯಲ್ಲಿ ಕೆತ್ತಿಯೇ ಇಲ್ಲ. ಹಲಗೆ ಅಲ್ಲಿ ಸುಮ್ನೆ ಸಪಾಟಾಗಿದೆ. ಅಚ್ಚು ಹಾಕುವವನು ಹಲಗೆಯನ್ನು ಒದ್ದೆ ಮಾಡಿ, ಕಪ್ಪನ್ನು ಹಚ್ಚಿ, ಅಂಚು ಕರಗುವಂತೆ ಬ್ರಷ್ ಎಳೆಯುತ್ತಾನೆ. ಗಾಢದಿಂದ ತಿಳಿಗೆ ಇಳಿಯುವ ಈ ವಿಧಾನಕ್ಕೆ ಬೊಕಾಶಿ ಅನ್ನುತ್ತಾರೆ. ಪ್ರತಿ ಹಾಳೆಗೂ ಹೊಸದಾಗಿ ಹೀಗೇ ಮಾಡಬೇಕು. ಅದಕ್ಕೇ ನಿಮ್ಮ ಪರದೆ ಮೇಲಿನ ಪ್ರತಿಗಳಲ್ಲಿ ಮೋಡ ಬೇರೆ ಬೇರೆ ಕಂಡದ್ದು. ಹಿರೋಶಿಗೆಯ ಚಿತ್ರಗಳಲ್ಲಿ ಹವಾಮಾನ ಅಂತ ನಾವು ಮೆಚ್ಚುವುದರಲ್ಲಿ ದೊಡ್ಡ ಪಾಲು ಹೆಸರಿಲ್ಲದ ಈ ಕೈಗಳದ್ದು.

ಈಗ ನಿಮ್ಮ ನೆರಳಿನ ಪ್ರಶ್ನೆ. ನೆರಳು ಬೆಳಕಿನಿಂದ ಉಬ್ಬು ತೋರಿಸುವುದು ಇವರಿಗೆ ಬೇಕಾಗಿರಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ. ಡಚ್ಚರು ನಾಗಾಸಾಕಿಗೆ ತಂದ ಚಿತ್ರಗಳನ್ನು ಎಡೋದ ಕಲಾವಿದರು ನೋಡಿದ್ದರು, ದೂರಕ್ಕೆ ಹೋದಂತೆ ಚಿಕ್ಕದಾಗಿಸುವ ಪಾಶ್ಚಾತ್ಯ ಕ್ರಮವನ್ನು ತಮ್ಮ ಅಚ್ಚುಗಳಲ್ಲೂ ಬಳಸಿದ್ದರು. ಆದರೆ ಇವರ ಮುಖ್ಯ ಬಲ ಗೆರೆ ಮತ್ತು ಜಾಗದ ಹಂಚಿಕೆ. ನಿಮ್ಮ ಚಿತ್ರದಲ್ಲಿ ಸೇತುವೆ ಒಂದು ಓರೆಯಲ್ಲಿ ಚಿತ್ರವನ್ನು ಸೀಳುತ್ತದೆ. ಆಚೆ ದಡ ಅದಕ್ಕೆ ಎದುರು ಓರೆಯಲ್ಲಿ ವಾಲಿದೆ. ನಡುವೆ ನದಿ, ಅದರಲ್ಲಿ ಮರದ ದಿಮ್ಮಿಗಳ ತೆಪ್ಪ ನಡೆಸುತ್ತಿರುವ ಒಬ್ಬನೇ ಒಬ್ಬ. ಎಲ್ಲವೂ ವಾಲಿರುವುದರಿಂದಲೇ ನೋಡುವವರಿಗೂ ಕಾಲು ಜಾರಿದಂತೆ ಆಗುತ್ತದೆ. ಸೇತುವೆ ಮೇಲಿನ ಒಬ್ಬರ ಮುಖವೂ ಕಾಣುವುದಿಲ್ಲ, ಗಮನಿಸಿದ್ದೀರಾ? ಕೊಡೆ, ಹುಲ್ಲಿನ ಹೊದಿಕೆ, ಬಗ್ಗಿದ ಬೆನ್ನು, ಬರಿಗಾಲು ಅಷ್ಟೇ. ಆದರೂ ಅವರಿಗೆ ಎಷ್ಟು ಅವಸರ ಅಂತ ನಮಗೆ ತಿಳಿಯುತ್ತದೆ.

ಮುಖಗಳೆಲ್ಲ ಒಂದೇ ಥರ ಅಂದಿರಲ್ಲ, ಅದಕ್ಕೆ ಉತಾಮಾರೊ ಅವರ ಒಂದು ಚಿತ್ರ ಹುಡುಕಿ: ‘ಈ ಕಾಲದ ಮೂವರು ಸುಂದರಿಯರು’, 1793ರ ಆಸುಪಾಸಿನದ್ದು. ತ್ರಿಕೋನದಲ್ಲಿ ಮೂರು ತಲೆಗಳು. ಮೂವರೂ ಎಡೋದಲ್ಲಿ ನಿಜವಾಗಿ ಇದ್ದವರು. ಒಕಿತಾ ಚಹಾದಂಗಡಿಯ ಹುಡುಗಿ. ಒಹಿಸಾ ಸೆನ್ಬೇಯ್ ಎಂಬ ಅಕ್ಕಿಯ ಗರಿಗರಿ ತಿಂಡಿ ಮಾರುವವರ ಮಗಳು. ನಡುವೆ ಮೇಲೆ ಇರುವವಳು ಸಂಗೀತದಲ್ಲಿ ಹೆಸರಾದ ಗೇಯ್ಶಾ ತೊಯೊಹಿನಾ. ಮೊದಲ ನೋಟಕ್ಕೆ ಮೂವರೂ ಅಕ್ಕತಂಗಿಯರಂತೆ ಕಾಣುತ್ತಾರೆ. ಇನ್ನೊಂದು ನಿಮಿಷ ನೋಡಿ. ಮೂಗಿನ ಏರು ಬೇರೆ, ಕಣ್ಣಿನ ಆಕಾರ ಬೇರೆ, ಕೆನ್ನೆಯ ತುಂಬು ಬೇರೆ. ಉಡುಪು ಮತ್ತು ಬೀಸಣಿಗೆಯ ಮೇಲಿನ ಕುಲಚಿಹ್ನೆ ನೋಡಿದರೆ ಯಾರು ಯಾರು ಅಂತ ಆ ಕಾಲದ ಜನಕ್ಕೆ ಗೊತ್ತಾಗುತ್ತಿತ್ತು. ಚೆಲುವಿಗೆ ಒಂದು ಒಪ್ಪಿತ ಅಚ್ಚುಕಟ್ಟು ಇತ್ತು, ಆ ಕಟ್ಟಿನೊಳಗೆ ಉತಾಮಾರೊ ಮೂರು ಬೇರೆ ಮನುಷ್ಯರನ್ನು ಕೂರಿಸಿದ. ಹಣೆಯ ಮೇಲೆ ಕೂದಲು ಶುರುವಾಗುವ ಜಾಗವನ್ನಂತೂ ಬಿಡಬೇಡಿ. ಆ ಒಂದೊಂದು ಎಳೆಯೂ ಮರದಲ್ಲಿ ಕೆತ್ತಿದ್ದು. ತಲೆಗೂದಲು ಕೆತ್ತುವ ಹಕ್ಕು ಕಾರ್ಯಾಗಾರದ ಹಿರಿಯನದ್ದು, ಉಡುಪು ಕೆತ್ತುವುದು ಕಿರಿಯರದ್ದು.

ಹೀಗೆ ಸಾಮಾನ್ಯ ಹೆಂಗಸರ ಹೆಸರು ಬರೆದು ಚಿತ್ರ ಮಾರುವುದು ಸರ್ಕಾರಕ್ಕೆ ಇಷ್ಟವಾಗಲಿಲ್ಲ, ನಿಷೇಧಿಸಿತು. ಆಗ ಹೆಸರನ್ನು ಚಿಕ್ಕ ಚಿಕ್ಕ ಚಿತ್ರಗಳ ಒಗಟಾಗಿಸಿ ಮೂಲೆಯಲ್ಲಿ ಹಾಕಿದರು. 1796ರಲ್ಲಿ ಒಗಟನ್ನೂ ನಿಷೇಧಿಸಿದರು. 1804ರಲ್ಲಿ ಹಿಂದಿನ ಕಾಲದ ಆಡಳಿತಗಾರ ಟೊಯೊಟೊಮಿ ಹಿದೆಯೋಶಿಯ ಚಿತ್ರ ಬರೆದದ್ದಕ್ಕೆ ಉತಾಮಾರೊಗೆ 50 ದಿನ ಕೈಕೋಳ ಹಾಕಿದರು. ಎರಡು ವರ್ಷದಲ್ಲಿ ಆತ ತೀರಿಕೊಂಡ. ಇವನ್ನು ಬರೀ ಅಂದದ ಚಿತ್ರಗಳು ಅಂದುಕೊಂಡವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ. ಬೀದಿಯಲ್ಲಿ ಮಾರುವ ಕಾಗದಕ್ಕೆ ಸರ್ಕಾರ ಅಷ್ಟು ಹೆದರಿತ್ತು.

ಬಣ್ಣದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹಳೇ ಪ್ರತಿ ನೋಡುವಾಗ ಜನ ಮೋಸ ಹೋಗುವುದು ಇಲ್ಲೇ. ಪೂರ್ತಿ ಬಹುವರ್ಣದ ಅಚ್ಚು ಶುರುವಾದದ್ದು 1765ರಲ್ಲಿ, ಸುಜುಕಿ ಹರುನೊಬು ಎಂಬ ಕಲಾವಿದನ ಕಾಲದಲ್ಲಿ. ಅದಕ್ಕೆ ಕಾರಣ ಕ್ಯಾಲೆಂಡರ್! ಆಗಿನ ಪಂಚಾಂಗದಲ್ಲಿ ಯಾವ ತಿಂಗಳು ದೊಡ್ಡದು, ಯಾವುದು ಚಿಕ್ಕದು ಅನ್ನುವುದು ವರ್ಷವರ್ಷಕ್ಕೂ ಬದಲಾಗುತ್ತಿತ್ತು. ಆ ಅಂಕಿಗಳನ್ನು ಚಿತ್ರದೊಳಗೆ ಅಡಗಿಸಿ ಗೆಳೆಯರಿಗೆ ಹಂಚುವ ಹುಚ್ಚು ಎಡೋದ ಹಣವಂತ ಕವಿ ಬಳಗಗಳಿಗೆ ಹಿಡಿಯಿತು. ಯಾರದ್ದು ಚೆಂದ ಅನ್ನುವ ಪೈಪೋಟಿಯಲ್ಲಿ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ. ಬಣ್ಣದ ಮೇಲೆ ಬಣ್ಣ ಸೇರಿತು.

ಆದರೆ ಆ ಬಣ್ಣಗಳಲ್ಲಿ ಹಲವು ಗಿಡಮೂಲದವು. ಗುಲಾಬಿ ಮತ್ತು ಕೆಂಪು ಬಂದದ್ದು ಕುಸುಬೆ ಹೂವಿನಿಂದ. ನಮ್ಮ ಬಯಲುಸೀಮೆಯಲ್ಲಿ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ ಕುಸುಬೆ. ಹಳದಿಗೆ ಅರಿಸಿನವನ್ನೂ ಬಳಸಿದ್ದುಂಟು. ನೀಲಿಗೆ ತ್ಸುಯುಕುಸಾ ಎಂಬ ಪುಟ್ಟ ಹೂವಿನ ರಸ. ಇದು ನೀರಿನ ಹನಿ ಬಿದ್ದರೂ ಹೋಗುತ್ತದೆ, ಬೆಳಕಿಗೂ ಹೋಗುತ್ತದೆ. ಕೆಂಪು ನೀಲಿ ಎರಡನ್ನೂ ಬೆರೆಸಿದ ನೇರಳೆ ಕಾಲಕ್ರಮದಲ್ಲಿ ಕಂದಾಗಿಬಿಡುತ್ತದೆ. ಹರುನೊಬು ಚಿತ್ರದಲ್ಲಿ ಇವತ್ತು ಮಣ್ಣುಬಣ್ಣವಾಗಿ ಕಾಣುವ ಆಕಾಶ ಒಂದು ಕಾಲಕ್ಕೆ ತಿಳಿನೀಲಿ ಇದ್ದಿರಬಹುದು. ‘ಜಪಾನೀಯರ ಮೆಲುಬಣ್ಣಗಳ ಅಭಿರುಚಿ’ ಅಂತ ಬರೆದವರೆಲ್ಲ ಸ್ವಲ್ಪ ಮಟ್ಟಿಗೆ ಮಾಸಿದ ಬಣ್ಣವನ್ನೇ ಹೊಗಳಿದ್ದಾರೆ. ಕತ್ತಲಲ್ಲಿ ಜೋಪಾನವಾಗಿ ಉಳಿದ ಪ್ರತಿಗಳನ್ನು ನೋಡಿದರೆ ಬೆರಗಾಗುತ್ತೀರಿ. ಬಾಸ್ಟನ್ನಿನ ಕಲಾ ಮ್ಯೂಸಿಯಂನ ಸ್ಪಾಲ್ಡಿಂಗ್ ಸಂಗ್ರಹವನ್ನು ದಾನ ಕೊಟ್ಟವರು ಎಂದೂ ಪ್ರದರ್ಶನಕ್ಕೆ ಇಡಬಾರದು ಅಂತ 1921ರಲ್ಲೇ ಷರತ್ತು ಹಾಕಿದ್ದರು. ಅದಕ್ಕೇ ಅಲ್ಲಿನ ಬಣ್ಣ ಇವತ್ತಿಗೂ ಉಳಿದಿದೆ.

ಆಮೇಲೆ ಬಂತು ಪ್ರಷ್ಯನ್ ನೀಲಿ. ಬರ್ಲಿನ್ನಿನಲ್ಲಿ 18ನೇ ಶತಮಾನದ ಶುರುವಿನಲ್ಲಿ ಹುಟ್ಟಿದ ರಾಸಾಯನಿಕ ಬಣ್ಣ. ವ್ಯಾಪಾರಿಗಳ ಮೂಲಕ ನಾಗಾಸಾಕಿಗೆ ಬಂದು, 1820ರ ದಶಕದ ಕೊನೆಗೆ ಅಗ್ಗವಾಯಿತು. ಮಾಸುವುದಿಲ್ಲ, ನೀರಿನಲ್ಲಿ ಎಷ್ಟು ತೆಳು ಮಾಡಿದರೂ ಸ್ವಚ್ಛವಾಗಿ ಇಳಿಯುತ್ತದೆ. ಆಕಾಶ, ನೀರು, ದೂರ, ಇವುಗಳಿಗೆ ಇದಕ್ಕಿಂತ ಬೇಕೇ? ಹೊಕುಸಾಯ್ ಅವರ ‘ಫುಜಿಯ ಮೂವತ್ತಾರು ನೋಟಗಳು’ ಶುರುವಾದದ್ದು 1830ರ ಆಸುಪಾಸಿನಲ್ಲಿ. ಆಗ ಹೊಕುಸಾಯ್‌ಗೆ 70 ವರ್ಷ. ಪ್ರಕಾಶಕ ನಿಶಿಮುರಾಯಾ ಯೊಹಾಚಿ ಹೊಸ ನೀಲಿಯನ್ನೇ ಮುಂದಿಟ್ಟು ಸರಣಿ ಮಾರಿದ. ಚೆನ್ನಾಗಿ ಮಾರಾಟವಾಯಿತು. ಇನ್ನೂ 10 ಸೇರಿಸಿ ಒಟ್ಟು 46 ಮಾಡಿದರು. ಮೊದಲ 36ರ ಹೊರಗೆರೆ ನೀಲಿ, ಸೇರಿಸಿದ 10ರದ್ದು ಕಪ್ಪು.

ಟೀಶರ್ಟು, ಮೊಬೈಲ್ ಕವರುಗಳ ಮೇಲೆ ನೀವು ನೋಡಿರುವ ದೊಡ್ಡ ಅಲೆ ಈ ಸರಣಿಯದ್ದೇ. 2024ರಿಂದ ಜಪಾನಿನ 1000 ಯೆನ್ ನೋಟಿನ ಹಿಂಬದಿಯಲ್ಲೂ ಇದೆ. ಎಲ್ಲೆಲ್ಲೂ ಇರುವುದರಿಂದ ಯಾರೂ ಸರಿಯಾಗಿ ನೋಡುವುದಿಲ್ಲ. ಮೂರು ದೋಣಿಗಳಿವೆ, ಎಡೋಗೆ ತಾಜಾ ಮೀನು ಸಾಗಿಸುತ್ತಿದ್ದ ವೇಗದ ದೋಣಿಗಳು. ಒಳಗೆ ಹುಟ್ಟು ಹಿಡಿದವರು ಬಗ್ಗಿ ಕೂತಿದ್ದಾರೆ. ಜಪಾನಿ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ಆ ಅಭ್ಯಾಸದ ಕಣ್ಣು ದೋಣಿಗಳ ಜೊತೆ ಬಲದಿಂದ ಬಂದು ಅಲೆಗೆ ಎದುರಾಗಿ ಡಿಕ್ಕಿ ಹೊಡೆಯುತ್ತದೆ. ನಾವು ಎಡದಿಂದ ನೋಡುವುದರಿಂದ ಅಲೆಯ ಜೊತೆ ಸೇರಿ ದೋಣಿಗಳ ಮೇಲೆ ಬೀಳುತ್ತೇವೆ. ಒಂದು ಸಲ ಬಲಗಡೆಯಿಂದ ನೋಡಲು ಪ್ರಯತ್ನಿಸಿ, ಚಿತ್ರವೇ ಬೇರೆಯಾಗುತ್ತದೆ. ಇದರಲ್ಲೂ ಪ್ರತಿಗಳನ್ನು ಹೋಲಿಸಿ. ಮೇಲೆ ಎಡಗಡೆ ಶೀರ್ಷಿಕೆಯ ಚೌಕಟ್ಟಿನ ಗೆರೆ ಮೊದಲ ಪ್ರತಿಗಳಲ್ಲಿ ಅಖಂಡ, ಆಮೇಲಿನವುಗಳಲ್ಲಿ ಹಲಗೆ ಸವೆದು ಮುರಿದಿದೆ. ಚೆನ್ನಾಗಿ ಉಳಿದ ಪ್ರತಿಗಳ ಆಕಾಶದಲ್ಲಿ ತಿಳಿ ಗುಲಾಬಿ ಕಾಣುತ್ತದೆ, ಬಹಳಷ್ಟರಲ್ಲಿ ಅದು ಮಾಸಿಹೋಗಿದೆ.

ಹೊಕುಸಾಯ್ ಅಥವಾ ಹಿರೋಶಿಗೆ? ನನ್ನನ್ನು ಕೇಳಿದರೆ ಹಿರೋಶಿಗೆಯಿಂದ ಶುರು ಮಾಡಿ ಅನ್ನುತ್ತೇನೆ. ಹೊಕುಸಾಯ್ ಮಹಾ ಪ್ರತಿಭೆ. 110 ವರ್ಷ ಬದುಕಿದರೆ ತನ್ನ ಪ್ರತಿ ಚುಕ್ಕೆಗೂ ಜೀವ ಬರುತ್ತದೆ ಅಂತ ಬರೆದುಕೊಂಡ ಮನುಷ್ಯ, 1849ರಲ್ಲಿ ಸಾಯುವವರೆಗೂ ಕುಂಚ ಬಿಡಲಿಲ್ಲ. ಆದರೆ ಅವರ ಚಿತ್ರದಲ್ಲಿ ಮೊದಲು ಕಾಣುವುದು ಹೊಕುಸಾಯ್ ಅವರ ಬುದ್ಧಿಯೇ. ಹಿರೋಶಿಗೆ ಹಾಗಲ್ಲ. ತಾನು ಹಿಂದೆ ಸರಿದು ಮಳೆ, ಹಿಮ, ಮುಸ್ಸಂಜೆಗೆ ಜಾಗ ಬಿಡುತ್ತಾರೆ. ಎಡೋ ಕೋಟೆಯ ಬೆಂಕಿ ಆರಿಸುವ ದಳದ ಕುಟುಂಬದಲ್ಲಿ 1797ರಲ್ಲಿ ಹುಟ್ಟಿದವರು, ಆ ಕೆಲಸವನ್ನೂ ಕೆಲವು ವರ್ಷ ಮಾಡಿದರು. ಹೆಸರು ತಂದದ್ದು ‘ತೊಕಾಯ್ದೊ ಹೆದ್ದಾರಿಯ ಐವತ್ಮೂರು ತಂಗುದಾಣಗಳು’. ಶುರು ಮತ್ತು ಕೊನೆ ಸೇರಿ 55 ಚಿತ್ರ, 1833-34ರಲ್ಲಿ ಬಂದವು. ಅದರಲ್ಲಿ ಶೋನೊ ಎಂಬ ತಂಗುದಾಣದ ಮಳೆಯ ಚಿತ್ರ ಹುಡುಕಿ. ಇಳಿಜಾರಿನಲ್ಲಿ ಪಲ್ಲಕ್ಕಿ ಹೊತ್ತವರು ಏರುತ್ತಿದ್ದಾರೆ, ಇನ್ನಿಬ್ಬರು ಇಳಿದು ಓಡುತ್ತಿದ್ದಾರೆ, ಹಿಂದೆ ಬಿದಿರು ಮೆಳೆ ಗಾಳಿಗೆ ಮೂರು ಪದರದ ನೆರಳಾಗಿ ಬಾಗಿದೆ. ಮೊದಲ ಪ್ರತಿಗಳಲ್ಲಿ ಒಂದು ಕೊಡೆಯ ಮೇಲೆ ಪ್ರಕಾಶಕನ ಹೆಸರೇ ಇದೆ, ಜಾಹೀರಾತು! ಆಮೇಲಿನ ಪ್ರತಿಗಳಲ್ಲಿ ಅದಿಲ್ಲ. ಕಾನ್ಬಾರಾ ಎಂಬ ಜಾಗದ ಹಿಮದ ರಾತ್ರಿ ನೋಡಿ. ನಿಜವಾದ ಕಾನ್ಬಾರಾ ಬೆಚ್ಚಗಿನ ಕರಾವಳಿ, ಅಷ್ಟು ಹಿಮ ಬೀಳುವ ಊರಲ್ಲ. ಹಿರೋಶಿಗೆಗೆ ಅಲ್ಲಿ ಹಿಮ ಬೇಕಿತ್ತು, ಹಾಕಿದರು. ಕೆಲವು ಪ್ರತಿಗಳಲ್ಲಿ ಆಕಾಶದ ಕಪ್ಪು ಮೇಲಿಂದ ಇಳಿಯುತ್ತದೆ, ಇನ್ನು ಕೆಲವಲ್ಲಿ ಕೆಳಗಿನ ಮನೆ ಮರಗಳ ಹಿಂದಿನಿಂದ ಏರುತ್ತದೆ. ಎರಡೂ ಬೇರೆ ಬೇರೆ ರಾತ್ರಿಗಳು.

ನಿಮ್ಮ ಸೇತುವೆಯ ಚಿತ್ರ ಅವರ ಕೊನೆಯ ವರ್ಷಗಳ ಸರಣಿಯದ್ದು. 1855ರಲ್ಲಿ ಎಡೋ ಭೂಕಂಪದಿಂದ ತತ್ತರಿಸಿತ್ತು. ಮರುವರ್ಷ ಈ ಸರಣಿ ಶುರುವಾಯಿತು. 1858ರಲ್ಲಿ, ನಗರದಲ್ಲಿ ಕಾಲರಾ ಹಬ್ಬಿದ ವರ್ಷ, ಹಿರೋಶಿಗೆ ತೀರಿಕೊಂಡರು.

ಮಿಕ್ಕ ಕಲಾವಿದರನ್ನು ನಿಮ್ಮ ರುಚಿಗೆ ತಕ್ಕಂತೆ ಹುಡುಕಿಕೊಳ್ಳಿ. ಯಕ್ಷಗಾನ ನೋಡಿ ಬೆಳೆದವರಾದರೆ ಶರಾಕು ನಿಮಗೆ ಹಿಡಿಸುತ್ತಾರೆ. 1794ರಲ್ಲಿ ಒಮ್ಮೆಲೇ ಕಾಣಿಸಿಕೊಂಡು, ತ್ಸುತಾಯಾ ಜೂಜಾಬುರೊ ಎಂಬ ಪ್ರಕಾಶಕನಿಗೆ ಸುಮಾರು 10 ತಿಂಗಳು ಕಬುಕಿ ಎಂಬ ಜಪಾನಿ ನಾಟಕದ ನಟರ ಚಿತ್ರ ಬರೆದು ಮಾಯವಾದ ವ್ಯಕ್ತಿ. ಯಾರು ಅನ್ನುವ ಚರ್ಚೆ ಇವತ್ತಿಗೂ ನಡೆದಿದೆ. ಹಿಂದೆ ಕಾಗೆಬಂಗಾರದ ಪುಡಿ ಹಾಕಿದ ಮಿನುಗುವ ಕಡುಗಪ್ಪು, ಮುಂದೆ ನಟನ ಮುಖ. ಪಾತ್ರವೂ ಕಾಣುತ್ತದೆ, ಬಣ್ಣದ ಒಳಗಿರುವ ವಯಸ್ಸಾದ ಗಂಡಸೂ ಕಾಣುತ್ತಾನೆ. ಹೆಣ್ಣು ವೇಷದವರನ್ನೂ ಆತ ಬಿಡಲಿಲ್ಲ. ಅಷ್ಟು ನಿಜ ಅಭಿಮಾನಿಗಳಿಗೆ ಬೇಡವಾಗಿತ್ತು ಅನ್ನಿಸುತ್ತದೆ. ವೀರರ ಕಥೆ, ದೆವ್ವ, ಬೆಕ್ಕು ಇಷ್ಟವಾದರೆ ಕುನಿಯೋಶಿ. 1842ರಲ್ಲಿ ಸರ್ಕಾರ ತಂದ ಸುಧಾರಣೆಯಲ್ಲಿ ನಟರ ಚಿತ್ರ ನಿಷೇಧವಾದಾಗ ಅವರು ಬೆಕ್ಕು, ಮೀನುಗಳಿಗೆ ನಟರ ಮುಖ ಕೊಟ್ಟರು. ಅವರ ಶಿಷ್ಯ ಯೋಶಿತೋಶಿಯ ‘ಚಂದ್ರನ ನೂರು ಮುಖಗಳು’, 1885ರಿಂದ 1892ರವರೆಗೆ ಬಂದದ್ದು, ಹಳೇ ಪರಂಪರೆಯ ಕೊನೆಯ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ಆ ಹೊತ್ತಿಗೆ ಫೋಟೋ ಮತ್ತು ಕಲ್ಲಚ್ಚು ಬಂದಾಗಿತ್ತು.

20ನೇ ಶತಮಾನದಲ್ಲಿ ವತಾನಾಬೆ ಶೋಜಾಬುರೊ ಎಂಬ ಪ್ರಕಾಶಕ ಕಲಾವಿದ, ಕೆತ್ತನೆಗಾರ, ಅಚ್ಚುಗಾರರನ್ನು ಮತ್ತೆ ಒಂದೆಡೆ ಸೇರಿಸಿದ. 1923ರ ಭೂಕಂಪದ ಬೆಂಕಿಯಲ್ಲಿ ಅವನ ಹಲಗೆಗಳೆಲ್ಲ ಸುಟ್ಟುಹೋದವು. ಮತ್ತೆ ಮೊದಲಿಂದ ಶುರು ಮಾಡಿದ. ಅವನ ಜೊತೆ ದುಡಿದ ಕವಾಸೆ ಹಾಸುಯ್ ಮಳೆ ಹಿಮಗಳಲ್ಲಿ ಹಿರೋಶಿಗೆಯ ವಾರಸುದಾರ.

ಭಾರತದವರಾದ ನಮಗೆ ಯೋಶಿದಾ ಹಿರೋಶಿ ಹೆಚ್ಚು ಹತ್ತಿರ. ಅವರು 1930-31ರಲ್ಲಿ ಭಾರತ ಸುತ್ತಿ ತಾಜ್ ಮಹಲ್, ಎಲ್ಲೋರಾ, ಕಾಶಿ, ಉದಯಪುರ, ಮಧುರೆ, ಅಮೃತಸರಗಳನ್ನು ಮರದಚ್ಚಿಗೆ ಇಳಿಸಿದರು. ಜಪಾನಿನ ಕೊಳಗಳ ತೇವಕ್ಕೆ ಹುಟ್ಟಿದ ಕಲೆ ನಮ್ಮ ಬಿಸಿಲನ್ನು ಹೇಗೆ ಹಿಡಿಯಿತು ಅಂತ ನೋಡಬೇಕು. ಅವರ ‘ಹಾಯಿದೋಣಿಗಳು’ 1926ರದ್ದು. ಅವೇ ಹಲಗೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಅಚ್ಚು ಹಾಕಿ ಬೆಳಗು, ಮಧ್ಯಾಹ್ನ, ಸಂಜೆ, ಮಂಜು, ರಾತ್ರಿ ಎಲ್ಲ ಮಾಡಿದ್ದಾರೆ. ಒಂದು ಪ್ರತಿ ಇನ್ನೊಂದರಂತಲ್ಲ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಈಗ ನಿಮ್ಮ ಪ್ರತಿ. ಪ್ರವಾಸಿಗರು ಕೊಳ್ಳುವ ಅಂಗಡಿಯಲ್ಲಿ ತಂದದ್ದಾದರೆ 1857ರದ್ದು ಆಗಿರುವುದು ಕಷ್ಟ. ಆದರೂ ಎರಡು ಸಾಧ್ಯತೆ ಉಳಿಯುತ್ತವೆ: ಯಂತ್ರದಲ್ಲಿ ಮುದ್ರಿಸಿದ ಪೋಸ್ಟರ್, ಅಥವಾ ಹೊಸದಾಗಿ ಹಲಗೆ ಕೆತ್ತಿ ಕೈಯಿಂದ ಹಾಕಿದ ಮರುಅಚ್ಚು. ಒಳ್ಳೆ ಭೂತಗನ್ನಡಿ ತಗೊಳ್ಳಿ. ಬಣ್ಣದಲ್ಲಿ ಚಿಕ್ಕ ಚಿಕ್ಕ ಚುಕ್ಕೆಗಳ ಸಾಲು ಕಂಡರೆ ಅದು ಪೋಸ್ಟರ್. ಚುಕ್ಕೆ ಕಾಣಲಿಲ್ಲ ಅಂದ ಮಾತ್ರಕ್ಕೆ ಮರದಚ್ಚು ಅಂತ ತೀರ್ಮಾನಿಸಬೇಡಿ. ಹಾಳೆ ತಿರುಗಿಸಿ ಬೆನ್ನು ನೋಡಿ. ಮರದಚ್ಚಾದರೆ ಬಣ್ಣ ಹಿಂದಕ್ಕೂ ಇಳಿದಿರುತ್ತದೆ, ಬಾರೆನ್ ಉಜ್ಜಿದ ಸುತ್ತುಗಳು ಕಾಣಬಹುದು. ಮುಂಬದಿಯನ್ನು ಓರೆ ಬೆಳಕಿನಲ್ಲಿ ಹಿಡಿದರೆ ಗೆರೆಗಳು ಕಾಗದದಲ್ಲಿ ಸ್ವಲ್ಪ ತಗ್ಗಿರುತ್ತವೆ. ಅಳತೆ ಸುಮಾರು 36 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ ಇದ್ದರೆ ಮೂಲದ ಅಳತೆಗೆ ಹತ್ತಿರ.

ಕೈಯಚ್ಚಿನ ಮರುಮುದ್ರಣ ಅಂತ ಗೊತ್ತಾದರೆ ಬೇಜಾರು ಬೇಡ. ಟೋಕಿಯೋದ ಅದಾಚಿ ಸಂಸ್ಥೆಯಂಥ ಕಡೆ ಇವತ್ತಿಗೂ ಚೆರ್ರಿ ಹಲಗೆ, ಕೊಜೊ ಕಾಗದ, ಬಾರೆನ್ ಬಳಸಿ ಹಳೇ ವಿಧಾನದಲ್ಲೇ ಮಾಡುತ್ತಾರೆ. ಬಣ್ಣ ಹೊಸದು, ಹಾಗಾಗಿ ಮೊದಲ ದಿನ ಎಡೋದ ಜನ ನೋಡಿದ್ದಕ್ಕೆ ಅದು ಮಾಸಿದ ಹಳೇ ಪ್ರತಿಗಿಂತ ಹತ್ತಿರ ಇರಬಹುದು. ಆ ಕಾಲದಲ್ಲಿ ಇವುಗಳ ಬೆಲೆ ಹೆಚ್ಚೂಕಡಿಮೆ ಎರಡು ಬಟ್ಟಲು ಸೋಬಾ ನೂಡಲ್ಸಿನಷ್ಟು. ಕೈಯಲ್ಲಿ ಹಿಡಿದು, ಹತ್ತಿರದಿಂದ, ವಾಲಿಸಿ ನೋಡಲೆಂದೇ ಮಾಡಿದ್ದು. ಗಾಜಿನೊಳಗೆ ಹಾಕುವ ಮೊದಲು ನೀವೂ ಕೈ ತೊಳೆದು, ಒರೆಸಿಕೊಂಡು, ಹಾಗೆ ಒಂದು ಸಂಜೆ ನೋಡಿ.

ಕಿಟಕಿಯ ಎದುರಿನ ಗೋಡೆ ಖಂಡಿತ ಬೇಡ. ಮಂಗಳೂರಿನಲ್ಲಿ ನಿಮಗೆ ಬಿಸಿಲು, ತೇವ ಎರಡರ ಕಾಟವೂ ಇದೆ. ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆಯನ್ನೂ ಬಿಡಿ, ಒಳಗೋಡೆ ಆರಿಸಿ. ಗಾಜು ಕಾಗದಕ್ಕೆ ತಾಗಬಾರದು, ನಡುವೆ ಆಸಿಡ್ ಇಲ್ಲದ ರಟ್ಟಿನ ಮೌಂಟ್ ಇರಲಿ. ನೇರಳಾತೀತ ಕಿರಣ ತಡೆಯುವ ಗಾಜು ಸಿಕ್ಕರೆ ಒಳ್ಳೆಯದು. ಫ್ರೇಮಿನ ಹಿಂದೆ ಮೂಲೆಗಳಿಗೆ ಚಿಕ್ಕ ಬಿರಡೆ ಅಂಟಿಸಿದರೆ ಗೋಡೆಗೂ ಅದಕ್ಕೂ ಮಧ್ಯೆ ಗಾಳಿ ಆಡುತ್ತದೆ. ಫ್ರೇಮ್ ಹಾಕುವವರು ಸೆಲೋಟೇಪ್ ಹಚ್ಚುತ್ತೇನೆ, ಲ್ಯಾಮಿನೇಷನ್ ಮಾಡುತ್ತೇನೆ, ಹಿಂದೆ ಪೂರ್ತಿ ಗೋಂದು ಹಾಕಿ ಹಲಗೆಗೆ ಅಂಟಿಸುತ್ತೇನೆ ಅಂದರೆ ಯಾವುದಕ್ಕೂ ಒಪ್ಪಬೇಡಿ. ಮೇಲಿನ ಅಂಚಿನಲ್ಲಿ ಎರಡು ಕಡೆ ತೆಳು ಜಪಾನಿ ಕಾಗದದ ಪಟ್ಟಿ, ಗೋಧಿ ಗಂಜಿಯ ಅಂಟು, ಅಷ್ಟು ಸಾಕು. ಮ್ಯೂಸಿಯಂಗಳು ಒಂದು ಅಚ್ಚನ್ನು ಕೆಲವು ವಾರ ಅಥವಾ ತಿಂಗಳು ತೋರಿಸಿ, ಆಮೇಲೆ ಬಹುಕಾಲ ಕತ್ತಲಲ್ಲಿ ಇಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವೂ ಗೋಡೆಯಿಂದ ಇಳಿಸಿ, ಒಣಗಿದ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಆಗಾಗ ತೆರೆದು ಬೂಷ್ಟು, ಹುಳ ಬಂದಿದೆಯಾ ನೋಡಿ. ಆ ತಿಂಗಳುಗಳಿಗೆ ಗೋಡೆ ಮೇಲೆ ಬೇರೇನಾದರೂ ಹಾಕಬಹುದು.

ನಿಮ್ಮ ಮಗಳು ಟೋಕಿಯೋದಲ್ಲೇ ಇದ್ದಾಳಲ್ಲ, ಹರಾಜುಕುವಿನ ಓತಾ ಸ್ಮಾರಕ ಮ್ಯೂಸಿಯಂಗೆ ಹೋಗಿ ಬರಲಿ. ಚಿಕ್ಕ ಜಾಗ, ಮರದಚ್ಚಿನ ಚಿತ್ರಗಳಿಗೇ ಮೀಸಲು. ಸುಮಿದಾ ಪ್ರದೇಶದಲ್ಲಿ 2016ರಲ್ಲಿ ತೆರೆದ ಹೊಕುಸಾಯ್ ಮ್ಯೂಸಿಯಂ ಕೂಡ ಇದೆ. ಓತಾದಲ್ಲಿ ಪ್ರದರ್ಶನ ಬದಲಾಯಿಸುವ ದಿನಗಳಲ್ಲಿ ಬಾಗಿಲು ಹಾಕಿರುತ್ತಾರೆ, ಹೊರಡುವ ಮುಂಚೆ ದಿನ ನೋಡಿಕೊಳ್ಳಲು ಹೇಳಿ.